ನಲವತ್ತನೆಯ ಮುತ್ತಾತ

ನಮ್ಮ ಹವಾಯಿ ದ್ವೀಪದ ದೊರೆಯ ವಂಶಾವಳಿ ಹಾಡುವುದು ನೆರೆಮನೆಯ ನಾಹುಲುವಿನ ಕಸುಬು. ಅರವತ್ತು ತಲೆಮಾರು ಬಾಯಿಪಾಠ. ಹೆಂಡತಿ ಹೇಳಿದ ಕೆಲಸ ಒಂದೂ ನೆನಪಿರದು. ಮೊನ್ನೆ ದೊರೆಯ ಮಗನ ನಾಮಕರಣದಲ್ಲಿ ನಲವತ್ತನೆಯ ಮುತ್ತಾತನ ಹೆಸರೇ ಮರೆತುಹೋಯಿತು. ತಡವರಿಸಿದರೆ ತಲೆ ಉಳಿಯುವುದಿಲ್ಲ. ಹೆದರಿ ತನ್ನ ಹಂದಿ ಒಪುನುಯಿಯ ಹೆಸರು ಹಾಡಿಬಿಟ್ಟ. ಪದ್ಧತಿಯಂತೆ ದೊರೆಯ ಮುಂದೆ ನಾವೆಲ್ಲ ಬೋರಲು ಮಲಗಿದ್ದೆವು, ಪುಣ್ಯಕ್ಕೆ ನಮ್ಮ ನಗು ಕಾಣಲಿಲ್ಲ. ದೊರೆಯಂತೂ ಹಿಗ್ಗಿ ಮಗುವಿಗೆ ಅದೇ ಹೆಸರಿಟ್ಟ.

ಬದುಕಿದೆನೆಂದು ನಾಹುಲು ಅದೇ ಹಂದಿಯನ್ನು ಸುಡಲು ಕುಳಿ ತೋಡತೊಡಗಿದ. ಹೆಂಡತಿ ಹೀನಾಲೇ ತೋಡುವ ಕೋಲು ಕಿತ್ತುಕೊಂಡಳು.

“ದೊರೆ ಮುತ್ತಾತನ್ನೇ ಸುಟ್ಟು ತಿಂತೀರಾ? ಹಂದಿ ಬಾಡು ಹೆಂಗಸ್ರು ಮುಟ್ಟಬಾರ್ದು ಅಂತ ಇಷ್ಟು ವರ್ಷ ನೀವೊಬ್ರೇ ಚಪ್ಪರಿಸಿದ್ರಲ್ಲ, ಇನ್ಮೇಲೆ ನಿಮಗೂ ಇಲ್ಲ. ಹೋಗಿ, ಹಿರಿಯರಿಗೆ ಗೆಡ್ಡೆ ಹಾಕಿ, ಬೋರಲು ಬಿದ್ದು ಬನ್ನಿ!”