ಸೋರದ ಪೆಟ್ಟಿಗೆ

ಹಳೆಯ ಪ್ಲೈವುಡ್ಡಿಗೆ ಒಂದು ವಾಸನೆ ಇರುತ್ತದೆ. ಒದ್ದೆ ಗೋಣಿಚೀಲ, ಒಣಗಿದ ಗೋಂದು, ಕಾರಿನ ಡಿಕ್ಕಿಯೊಳಗೆ ಇಂಗಿದ ಪೆಟ್ರೋಲು, ಎಲ್ಲವೂ ಸೇರಿದ ವಾಸನೆ. ಹೋದ ವಾರ ಗುಜರಿ ಬಾಬು ಜೋಗುಪಾಳ್ಯದ ನನ್ನ ಅಂಗಡಿಯ ಕಟ್ಟೆಯ ಮೇಲೆ ಒಂದು ಪೆಟ್ಟಿಗೆ ಇಳಿಸಿದಾಗ, ಕಣ್ಣಿಗಿಂತ ಮೊದಲು ಮೂಗಿಗೆ ಅದರ ಗುರುತು ಸಿಕ್ಕಿತು. ನಾನು ಆಗ ಯಾರದೋ ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಈಗ ನನ್ನ ಕಸುಬು ಅದೇ: ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು. ಸದ್ದು ಮಾಡುವ ಸಾಮಾನುಗಳನ್ನು ಸದ್ದು ಕಡಿಮೆ ಮಾಡುವಂತೆ ರಿಪೇರಿ ಮಾಡುತ್ತೇನೆ. ಒಂದು ಕಾಲದಲ್ಲಿ ಇದರ ತಿರುಗುಮುರುಗು ಕೆಲಸ ಮಾಡುತ್ತಿದ್ದೆ.

"ಅಣ್ಣೋ, ಇದ್ರೊಳಗಿರೋ ಸ್ಪೀಕರ್ ತೆಗೆದುಕೊಡಿ. ನನ್ಗೆ ಮ್ಯಾಗ್ನೆಟ್ ಸಾಕು," ಅಂದ ಬಾಬು. "ಮರ ನೀವೇ ಇಟ್ಕೊಳ್ಳಿ. ಒಡೆದು ನೀರು ಕಾಯ್ಸ್ಕೊಳ್ಳಿ."

ಪೆಟ್ಟಿಗೆಯ ಮೇಲೆ ನವಿಲು ನೀಲಿಯ ಕಾರ್ಪೆಟ್ಟು ಅರ್ಧ ಕಿತ್ತುಹೋಗಿತ್ತು. ಕಿತ್ತ ಕಡೆ ಮೂಲೆಯ ಜೋಡಣೆ ಕಾಣುತ್ತಿತ್ತು. ಎರಡು ಕೈಗಳ ಬೆರಳು ಹೆಣೆದಂತೆ ಹಲಗೆಗೆ ಹಲಗೆ ಹೆಣೆದಿದ್ದ ಜೋಡಣೆ. ಹಾಗೆ ಕೂರಿಸುವವನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಮಲ್ಲಪ್ಪ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಿವಾಜಿನಗರದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವ ಕಾವಿ ಹಿಡಿಯುವುದನ್ನು ಕಲಿತು, ತೊಂಬತ್ತರ ದಶಕದ ಕೊನೆಗೆ ಹಲಸೂರಿನಲ್ಲಿ ಸ್ವಂತ ಶೆಡ್ಡು ಹಾಕಿದೆ. ಕಾರಿಗೆ ಟೇಪು, ಸ್ಪೀಕರು, ಆಂಪ್ಲಿಫೈಯರು. ಅಂಥ ಅಂಗಡಿಗಳು ಊರ ತುಂಬ ಇದ್ದವು, ನಿಜ. ಆದರೆ ಅವರು ಮಾಡುತ್ತಿದ್ದುದು ಗದ್ದಲ. ಕಾರು ಸಿಗ್ನಲ್ಲಿಗೆ ಬಂದು ನಿಂತರೆ ಪಕ್ಕದ ಆಟೋದವನ ಗಾಜು ಅದುರಬೇಕು, ಅಷ್ಟೆ. ನನ್ನದು ಬೇರೆ. ನನ್ನ ಕಾರಿನಲ್ಲಿ ನೀವು ಕಣ್ಣು ಮುಚ್ಚಿ ಕೂತರೆ ಹಾಡುವವಳು ಬಾಗಿಲಿನಿಂದ, ಸೀಟಿನ ಹಿಂದಿನಿಂದ ಹಾಡುವುದಿಲ್ಲ. ನಿಮ್ಮೆದುರು, ಗಾಜಿನಾಚೆ, ನಟ್ಟನಡುವೆ ನಿಂತು ಹಾಡುತ್ತಾಳೆ. ತಬಲಾದವನು ಅವಳ ಎಡಕ್ಕೆ ಸ್ವಲ್ಪ ಹಿಂದೆ. ಕೊಳಲಿನವನು ಬಲಕ್ಕೆ. ನೀವು ನಂಬದಿರಬಹುದು. ಇಂದಿರಾನಗರದಿಂದ ಬರುತ್ತಿದ್ದ ಇಂಗ್ಲಿಷ್ ಮಾತಾಡುವ ಗಿರಾಕಿಗಳೂ ಮೊದಲು ನಂಬುತ್ತಿರಲಿಲ್ಲ. ಒಮ್ಮೆ ಕೂತು ಎದ್ದ ಮೇಲೆ ಅವರ ಬಾಯಲ್ಲಿ ಇಂಗ್ಲಿಷೂ ಬರುತ್ತಿರಲಿಲ್ಲ.

ಇದಕ್ಕೆಲ್ಲ ಮೀಟರುಗಳಿವೆ ಎಂದು ಕೇಳಿದ್ದೆ. ನಾನು ಇಟ್ಟುಕೊಂಡಿರಲಿಲ್ಲ. ಕಿವಿಯಿಂದ ಮಾಡುತ್ತಿದ್ದೆ. ಯಾರಾದರೂ ಯಾವ ಕಾಲೇಜು ಎಂದು ಕೇಳಿದರೆ ಕಿವಿ ಮುಟ್ಟಿ ತೋರಿಸುತ್ತಿದ್ದೆ. ಆ ಗತ್ತನ್ನು ನೆನೆದರೆ ಈಗ ನನಗೇ ನಗು ಬರುತ್ತದೆ, ಪೂರ್ತಿ ಬರುವುದಿಲ್ಲ.

ಮಲ್ಲಪ್ಪ ಕಲಬುರಗಿ ಕಡೆಯ ಬಡಿಗ. ಹೆಂಡತಿಯೊಂದಿಗೆ ಲಿಂಗರಾಜಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದ. ಡಿಕ್ಕಿಯಲ್ಲಿ ಕೂರುವ ದೊಡ್ಡ ಸ್ಪೀಕರಿಗೆ ಮರದ ಪೆಟ್ಟಿಗೆ ಬೇಕು. ಅದರ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿ ಸೋರಿ ತಬಲಾ ಹೋಗಿ ತಗಡಾಗುತ್ತದೆ. ಆ ಪೆಟ್ಟಿಗೆಗಳನ್ನು ಅವನು ಮಾಡುತ್ತಿದ್ದ. ನನ್ನನ್ನು ಅಣ್ಣಾ ಎನ್ನುತ್ತಿದ್ದ, ನನಗಿಂತ ಒಂದೆರಡು ವರ್ಷ ದೊಡ್ಡವನೇ ಆಗಿದ್ದರೂ.

ಪ್ರತಿ ಪೆಟ್ಟಿಗೆ ಮುಗಿದಾಗಲೂ ನಾನು ಒಂದು ಪರೀಕ್ಷೆ ಮಾಡುತ್ತಿದ್ದೆ. ಡಿಕ್ಕಿಯೊಳಗೆ ತಲೆ ತೂರಿಸಿ, ಸೌಂಡು ಪೂರ್ತಿ ಏರಿಸಿ, ಎಡಗಿವಿಯನ್ನು ಜೋಡಣೆಗೆ ಹಚ್ಚಿ, ಒಂದೊಂದು ಮೂಲೆಯನ್ನೂ ಕೇಳುತ್ತ ಹೋಗುತ್ತಿದ್ದೆ. ಸೋರುವ ಗಾಳಿ ಸಣ್ಣಗೆ ಬುಸ್ ಎನ್ನುತ್ತದೆ.

"ಕಿವಿ ಯಾಕ್ ಹಚ್ತಿ ಅಣ್ಣಾ, ಹೊಡತ ಬೀಳ್ತದ," ಎನ್ನುತ್ತಿದ್ದ ಮಲ್ಲಪ್ಪ. "ಊದಿನಕಡ್ಡಿ ಹಚ್ಚಿ ಮೂಲಿಗೆ ಹಿಡಿ. ಸೋರಿದ್ರ ಹೊಗಿ ಹೇಳ್ತದ."

"ಊದುಬತ್ತಿ ಹಚ್ಚೋಕೆ ಇದೇನು ಗುಡಿನಾ ಗುರು? ದೇವ್ರು ಕಿವಿ ಕೊಟ್ಟಿರೋದ್ಯಾಕೆ?"

"ಸೋರಂಗಿಲ್ಲ ಅದು. ನಂಬಂಗಿದ್ರ ನಂಬು."

ಒಂದೂ ಸೋರಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಪೆಟ್ಟಿಗೆಯೂ ಸೋರಲಿಲ್ಲ. ನಾನು ಕಿವಿ ಹಚ್ಚುವುದನ್ನು ಬಿಡಲೂ ಇಲ್ಲ.

ಟ್ಯೂನಿಂಗು ಭಾನುವಾರ ಬೆಳಿಗ್ಗೆ, ಊರಿನ ಹಾರನ್ನು ಶುರುವಾಗುವ ಮೊದಲು. ಕೊನೆಗೆ ಮಲ್ಲಪ್ಪ ಪೂಜೆಗೆಂದು ಒಂದು ನಿಂಬೆಹಣ್ಣು ತಂದು ಡ್ಯಾಶ್‌ಬೋರ್ಡಿನ ನಡುಮಧ್ಯದಲ್ಲಿಡುತ್ತಿದ್ದ. ಹಾಡುವವಳು ಆ ನಿಂಬೆಹಣ್ಣಿನ ಮೇಲೆ ನಿಲ್ಲಬೇಕು. ಅದು ನಮ್ಮಿಬ್ಬರ ಅಳತೆಗೋಲು. ಅವಳು ಬಲಕ್ಕೆ ಸರಿದಿದ್ದರೆ ಎಡಗಡೆಯ ಸೌಂಡು ಸ್ವಲ್ಪ ಏರಿಸಬೇಕು, ಎಡಕ್ಕೆ ಸರಿದಿದ್ದರೆ ಇಳಿಸಬೇಕು. ನಾನು ಡ್ರೈವರ್ ಸೀಟಿನಲ್ಲಿ ಕೂತು ಅವಳನ್ನು ಅಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಇಡ್ಲಿ ತಿನ್ನಲು ಹೊರಟುಬಿಡುತ್ತಿದ್ದೆ. ಗಿರಾಕಿ ಬಂದು ಕೇಳುವಾಗ ಎದುರಿಗೆ ನಿಲ್ಲುವುದು, ಹೊಗಳಿಕೆಗೆ ಕಾಯುವುದು ನನ್ನ ಜಾಯಮಾನವಲ್ಲ. ಪೂಜೆ, ಕೀಲಿ ಕೊಡುವುದು, ಎಲ್ಲ ಮಲ್ಲಪ್ಪನದು.

ಒಂದು ಭಾನುವಾರ ಅರ್ಧ ದಾರಿಗೆ ಹೋದವನು, ಕನ್ನಡಕ ಮರೆತೆನೆಂದು ವಾಪಸು ಬಂದೆ. ದೊಡ್ಡನೆಕ್ಕುಂದಿಯ ಮುನಿಕೃಷ್ಣಪ್ಪನವರ ಕಾರು ಶೆಡ್ಡಿನಲ್ಲಿತ್ತು. ಮೊದಲು ರಾಗಿ ಬೆಳೆಯುತ್ತಿದ್ದ ಮನೆತನ. ಅಷ್ಟು ಹೊತ್ತಿಗೆ ಆ ಹೊಲದಲ್ಲಿ ಫ್ಯಾಕ್ಟರಿ ಬಂದಿತ್ತು. ಕೆ.ಆರ್. ಪುರದ ಮೈದಾನವೊಂದರಲ್ಲಿ ನಡೆಯಲಿದ್ದ ಕಾರ್ ಆಡಿಯೋ ಪಂದ್ಯಕ್ಕೆ ನವಿಲು ನೀಲಿಯ ಕಾರ್ಪೆಟ್ಟೇ ಬೇಕೆಂದು ಹಟ ಹಿಡಿದು ಮಾಡಿಸಿದ್ದರು. ನಾನು ನೋಡಿದಾಗ ಡ್ರೈವರ್ ಸೀಟಿನಲ್ಲಿ ಮಲ್ಲಪ್ಪ ಕೂತಿದ್ದ. ಕಣ್ಣು ಮುಚ್ಚಿತ್ತು. ಒಂದು ಕೈಯ ಬೆರಳು ನಿಂಬೆಹಣ್ಣಿನ ಕಡೆ ಚಾಚಿತ್ತು. ಇನ್ನೊಂದು ಕೈ ಸೀಟಿನಡಿ, ಆಂಪ್ಲಿಫೈಯರಿನ ಎಡಗಡೆಯ ಸ್ಕ್ರೂ ಮೇಲಿತ್ತು. ಇಳಿಸುತ್ತಿದ್ದ.

"ಏನ್ ಮಾಡ್ತಿದ್ದೀಯ?"

ಅವನು ಬೆಚ್ಚಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು. "ಏನಿಲ್ಲಣ್ಣಾ. ಸ್ವಲ್ಪ ಎಡಕ್ಕ ಸರದಾಳ. ನಡಕ ತರ್ಲಿಕತ್ತೀನಿ."

"ಯಾರು ಹೇಳಿದ್ದು ನಿಂಗೆ?"

ಕೆಳಗಿಳಿದು, ಟವೆಲ್ಲಿನಿಂದ ಸುಮ್ಮನೆ ಕೈ ಒರೆಸಿದ. "ನಿನ್ನ ಎಡಗಿವಿ ಹೋಗ್ಯದಣ್ಣಾ. ಆ ಕಡಿ ಕುಂತು ಮಾತಾಡಿದ್ರ ನೀ ಹೂಂ ಅಂತಿ ಅಷ್ಟ. ಕೇಳಿಸಿರಂಗಿಲ್ಲ."

"ಎಷ್ಟು ದಿನದಿಂದ ಹಿಂಗೆ ಕೈಯಾಡಿಸ್ತಿದ್ದೀಯ?"

"ಎರಡ್ ವರ್ಷ ಆಗಿರಬೇಕು."

ಎರಡು ವರ್ಷ. ನಾನು ಇಡ್ಲಿ ತಿನ್ನುತ್ತಿದ್ದ ಎರಡು ವರ್ಷ. ನನ್ನ ಎಡಗಿವಿ ಮಂದವಾದಂತೆಲ್ಲ ಹಾಡುವವಳು ಬಲಕ್ಕೆ ಸರಿದಂತೆ ಕೇಳುತ್ತಿದ್ದಳು. ನಾನು ಎಡಗಡೆ ಏರಿಸಿ ಏರಿಸಿ ಅವಳನ್ನು ನಿಂಬೆಹಣ್ಣಿನ ಮೇಲೆ ತರುತ್ತಿದ್ದೆ. ನನಗೆ ಮಾತ್ರ ಅವಳು ನಡುವೆ. ಎರಡೂ ಕಿವಿ ನೆಟ್ಟಗಿದ್ದವರಿಗೆ ಎಡಗಡೆ ಕಿಟಕಿಯಲ್ಲಿ. ಗಿರಾಕಿಗಳು ಹೊಗಳಿ ಹೋದದ್ದೆಲ್ಲ ಮಲ್ಲಪ್ಪನ ಕೈಯನ್ನು. ಇಷ್ಟೂ ಅಲ್ಲೇ, ಆ ಗಳಿಗೆಯಲ್ಲೇ ನನಗೆ ಅರ್ಥವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅರ್ಥವಾದದ್ದರಿಂದಲೇ ಬಾಯಿಂದ ಅಂಥ ಮಾತು ಬಂತು.

"ಎರಡು ವರ್ಷದಿಂದ ನನ್ನ ಕೆಲಸ ಕೆಡಿಸ್ಕೊಂಡು ಬಂದಿದ್ದೀಯ. ಮರ ಕುಯ್ಯೋನು ಮರ ಕುಯ್ಕೊಂಡಿರ್ಬೇಕು. ನಾಳೆಯಿಂದ ಬರ್ಬೇಡ."

"ಕೆಡಿಸಿಲ್ಲಣ್ಣಾ," ಎಂದ. ಅಷ್ಟೇ. ಉಳಿ, ರಂದ, ಸುತ್ತಿಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡ. ಹೋಗುವ ಮುಂಚೆ ಬಗ್ಗಿ, ಉರುಳಿದ್ದ ನಿಂಬೆಹಣ್ಣನ್ನು ಎತ್ತಿ ನಡುವಿಗಿಟ್ಟ.

ಅವನು ಹೋದ ಮೇಲೆ ನಾನು ಸೀಟಿನಲ್ಲಿ ಕೂತು ಎಡಗಡೆಯ ಸ್ಕ್ರೂವನ್ನು ಮತ್ತೆ ಮೇಲಕ್ಕೇರಿಸಿದೆ.

ಪಂದ್ಯದಲ್ಲಿ ತೀರ್ಪುಗಾರರು ಇಬ್ಬರು. ಒಬ್ಬೊಬ್ಬರಾಗಿ ಕಾರಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಚಿತ್ರವಿದ್ದ ಹಾಳೆಯ ಮೇಲೆ ಹಾಡುವವಳು ನಿಂತ ಜಾಗಕ್ಕೆ ಗುರುತು ಹಾಕಬೇಕು. ಇಬ್ಬರ ಗುರುತೂ ಎಡಗಡೆ ಕನ್ನಡಿಯ ಹತ್ತಿರ ಬಿದ್ದಿತ್ತು. ನಾನು ಜಗಳಕ್ಕೆ ನಿಂತೆ. ನಿಮ್ಮ ಕಿವಿ ತೊಳೆಸ್ಕೊಂಡು ಬನ್ನಿ ಎಂದೆ. ಜನ ಸೇರಿದರು. ಮುನಿಕೃಷ್ಣಪ್ಪನವರು ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದುಕೊಂಡು ಹೋದರು.

"ಏನಪ್ಪಾ, ನಿನ್ನ ಹಾಡೋಳು ಬಾಗಿಲು ತೆಕ್ಕೊಂಡು ಇಳಿದೋಗ್ಬಿಟ್ಳಲ್ಲ."

"ಅವ್ರಿಗೆ ಕೇಳೋಕೆ ಬರಲ್ಲ ಸ್ವಾಮಿ."

"ನನ್ಗೂ ಹಂಗೇ ಕೇಳ್ಸುತ್ತೆ ಕಣಪ್ಪಾ," ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಅಂದರು.

ಆಮೇಲೆ ಇಂದಿರಾನಗರದಲ್ಲಿ ಕಿವಿ ತೋರಿಸಿದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಕೈಗೊಂದು ಗುಂಡಿ ಕೊಟ್ಟರು; ಸದ್ದು ಕೇಳಿದಾಗ ಒತ್ತಬೇಕು. ಅಲ್ಲೂ ಸೋಲಬಾರದೆಂದು ಅಂದಾಜಿನ ಮೇಲೆ ಒತ್ತುತ್ತ ಕೂತೆ. ಆಚೆ ಕೂತ ಹುಡುಗಿ ಬಾಗಿಲು ತೆರೆದು, "ಸಾರ್, ಎಡಗಡೆ ಇನ್ನೂ ಸ್ಟಾರ್ಟೇ ಮಾಡಿಲ್ಲ," ಎಂದಳು. ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ದೊಡ್ಡ ಸದ್ದಿನ ಹತ್ತಿರ ಕಿವಿ ಇಟ್ಟು ಕೆಲಸ ಮಾಡ್ತಿದ್ರಾ, ಎಂದು ಕೇಳಿದರು. ಇಲ್ಲ ಎಂದೆ.

ನಿಮಗೆ ಅನ್ನಿಸಬಹುದು, ಆಗಲಾದರೂ ಹೋಗಿ ಅವನ ಕೈ ಹಿಡಿಯಬಹುದಿತ್ತಲ್ಲ ಎಂದು. ಹೋದೆ. ಲಿಂಗರಾಜಪುರದ ಅವನ ಬೀದಿಯ ಮೂಲೆಯವರೆಗೂ ಹೋದೆ. ಅವನು ಮನೆಯ ಮುಂದೆ ಯಾರದೋ ಬಾಗಿಲಿಗೆ ರಂದ ಹೊಡೆಯುತ್ತಿದ್ದ. ಏನೆಂದು ಶುರು ಮಾಡುವುದು? ನೀನು ಹೇಳಿದ್ದು ಸರಿ ಎನ್ನುವ ನಾಲ್ಕು ಮಾತು ಏಳನೇ ಕ್ಲಾಸಿನೊಳಗೆ ಕಲಿಸಿರುತ್ತಾರೆ, ನಾನೇ ಕಲಿತಿರಲಿಲ್ಲ. ಅವನು ತಲೆ ಎತ್ತುವ ಮೊದಲೇ ತಿರುಗಿ ಬಂದೆ. ಬಲಗಿವಿಗೆ ರಂದದ ಸದ್ದು ಬಹಳ ದೂರದವರೆಗೂ ಕೇಳುತ್ತಿತ್ತು.

ಗಿರಾಕಿಗಳು ಬರುವುದು ನಿಂತು, ಶೆಡ್ಡನ್ನೇ ಮುಚ್ಚಿದ ಮೇಲೆ ಮತ್ತೊಮ್ಮೆ ಹೋದೆ. ಮನೆ ಓನರಮ್ಮ ಹೊಸಿಲು ತೊಳೆಯುತ್ತಿದ್ದರು. "ಖಾಲಿ ಮಾಡ್ಕೊಂಡು ಹೋದ್ರಪ್ಪ, ದೀಪಾವಳಿಗೆ ಮುಂಚೇನೆ. ಊರಿಗೋ, ಎಲ್ಲಿಗೋ. ನೀವೇನಾಗ್ಬೇಕು ಅವ್ರಿಗೆ?" ಎಂದು ಕೇಳಿದರು. ಬಂದ ದಾರಿಯಲ್ಲೇ ವಾಪಸು ನಡೆದೆ.

ಇಷ್ಟು ವರ್ಷದ ಮೇಲೆ ಆ ನವಿಲು ನೀಲಿಯ ಪೆಟ್ಟಿಗೆ ನನ್ನ ಕಟ್ಟೆಯ ಮೇಲೆ ಕೂತಿತ್ತು. ಅವನು ನನಗಾಗಿ ಮಾಡಿದ ಕೊನೆಯ ಪೆಟ್ಟಿಗೆ. ಬಾಬು ಟೀ ಕುಡಿಯಲು ಹೋದ. ಅಭ್ಯಾಸ ನೋಡಿ, ನನ್ನ ತಲೆ ತಾನೇ ತಾನಾಗಿ ಬಾಗಿ ಎಡಗಿವಿ ಮೂಲೆಗೆ ಹೋಗಿ ಕೂತಿತು. ಏನೂ ಕೇಳಲಿಲ್ಲ. ಆ ಕಿವಿಯಲ್ಲಿ ಇನ್ನೇನು ಕೇಳಬೇಕು?

ಎದ್ದು, ದೇವರ ಪಟಕ್ಕೆ ಸಿಕ್ಕಿಸಿದ್ದ ಊದುಬತ್ತಿಯನ್ನು ತಂದೆ. ಸ್ಪೀಕರಿನ ರಬ್ಬರು ಇನ್ನೂ ಮೆತ್ತಗಿತ್ತು. ಒಂದು ಕೈಯಿಂದ ಅದರ ಎದೆಯನ್ನು ಒಳಕ್ಕೊತ್ತುತ್ತ, ಇನ್ನೊಂದು ಕೈಯಿಂದ ಊದುಬತ್ತಿಯನ್ನು ಮೂಲೆಯಿಂದ ಮೂಲೆಗೆ ಸರಿಸುತ್ತ ಹೋದೆ. ಒತ್ತಿದ್ದು ನಿಧಾನವಾಗಿ ತನ್ನ ಜಾಗಕ್ಕೆ ಮರಳುತ್ತಿತ್ತು. ಹೊಗೆ ಎಲ್ಲಿಯೂ ಅಲುಗಲಿಲ್ಲ. ದಾರದ ಹಾಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಮಳೆ ತಿಂದು, ಬಿಸಿಲು ತಿಂದು, ಎಷ್ಟು ಡಿಕ್ಕಿಗಳಲ್ಲಿ ಉರುಳಿ ಬಂದಿತ್ತೋ.

ಸ್ಪೀಕರು ಬಿಚ್ಚಿಟ್ಟೆ. ಪೆಟ್ಟಿಗೆ ಒಡೆಯಲಿಲ್ಲ. ಬಾಬು ವಾಪಸು ಬಂದು ನನ್ನ ಎಡಕ್ಕೆ ನಿಂತು ಏನೋ ಹೇಳಿದ. ತುಟಿ ಆಡಿದ್ದು ಕಂಡಿತು. ಹೂಂ ಎನ್ನಲು ಬಾಯಿ ತೆರೆದೆ. ಇಷ್ಟು ವರ್ಷ ಹೆಂಡತಿಗೆ, ಮಕ್ಕಳಿಗೆ, ಗಿರಾಕಿಗಳಿಗೆ ಹೂಂ ಎಂದೇ ಕಾಲ ತಳ್ಳಿದ್ದೇನೆ.

"ಈ ಕಡೆ ಬಂದು ಹೇಳಪ್ಪ," ಎಂದೆ. "ಆ ಕಿವಿ ನನ್ಗೆ ಕೇಳ್ಸಲ್ಲ."

ಅವನು ಬಲಕ್ಕೆ ಬಂದ. "ಮರ ಏನ್ ಮಾಡ್ತೀರಾ ಅಂದೆ, ಅಷ್ಟೆ," ಎಂದ. ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಅಂಗಡಿಗೆ ಹೋದ. ಆ ಮಾತನ್ನು ನಾನು ಯಾರಿಗೆ ಹೇಳಬೇಕಿತ್ತೋ ಅವನಿಗಲ್ಲ, ಕೇಳಿ ಮರೆತುಬಿಡುವ ಒಬ್ಬನಿಗೆ ಹೇಳಿದ್ದೆ. ಊದುಬತ್ತಿ ಕೊನೆಯವರೆಗೂ ಉರಿದು, ಬೂದಿ ಪೆಟ್ಟಿಗೆಯ ಮೇಲೆ ಬಿತ್ತು. ಒರೆಸಲಿಲ್ಲ.