ಲೂಸಿಯನ್ ಒತ್ತದ ಹಸಿರು ಗುಂಡಿ

ಲೂಸಿಯನ್ ಪೆಲ್ಕಿ ಬಾಯ್ಲರ್ ರಿಪೇರಿ ಮಾಡುವವನು. ನ್ಯೂ ಹ್ಯಾಂಪ್‌ಶೈರ್‌ನ ಉತ್ತರದ ತುದಿಯಲ್ಲಿ, ಕಾಗದದ ಮಿಲ್ಲು ಮುಚ್ಚಿದ ಊರು ಅವನದು. ಹತ್ತು ವರ್ಷ ಆ ಊರಿನ ಶಾಸಕನೂ ಅವನೇ. ಸದನ ಇದ್ದ ದಿನ ಕೈಯ ಮಸಿ ತೊಳೆದುಕೊಂಡು, ರಿಪೇರಿ ವ್ಯಾನಿನಲ್ಲೇ ಎರಡೂವರೆ ಗಂಟೆ ರಾಜಧಾನಿಗೆ ಹೋಗುತ್ತಿದ್ದ. ಹೆಂಡತಿ ಇರ್ಮಾ ಬುತ್ತಿ ಕಟ್ಟುತ್ತಿದ್ದಳು. ಒಂದು ದಿನವೂ ಅವನು ತಪ್ಪಿಸಿದವನಲ್ಲ.

ಅವನದು ಎರಡೇ ಹಟ. ಗಾಂಜಾ ಯಾವ ರೂಪದಲ್ಲೂ ಬೇಡ. ಸರ್ಕಾರಿ ಗಾಡಿ ಓಡಿಸುವವರಿಗೆಲ್ಲ ಮೂತ್ರ ಪರೀಕ್ಷೆ ಆಗಬೇಕು. ಮಿಲ್ಲಿನಲ್ಲಿ ಅವನ ತಮ್ಮನ ತೋಳು ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಯಂತ್ರ ನಡೆಸುತ್ತಿದ್ದವನ ಅಂಗಿಯಲ್ಲಿ ಗಾಂಜಾ ವಾಸನೆ ಇತ್ತು. ಲೂಸಿಯನ್ ಅದನ್ನು ಮರೆಯಲಿಲ್ಲ.

ರಾಜಧಾನಿಯಲ್ಲಿ ಅವನ ಮೂತ್ರ ಪರೀಕ್ಷೆಯ ಮಸೂದೆ ಎರಡು ಸಲ ಬಿತ್ತು. ಆಗ ಊರ ಸಭೆಗೆ ತಂದ. ಮಾರ್ಚಿನಲ್ಲಿ ಶಾಲೆಯ ಹಾಲಿನಲ್ಲಿ ಇಡೀ ಊರು ಕೂತು ಕೈ ಎತ್ತುವ ಸಭೆ ಅದು.

"ಮೊದ್ಲು ನೀನು ತುಂಬ್ಸಿ ತೋರ್ಸು ಲೂಸಿಯನ್," ಎಂದರು ಹಿಂದಿನಿಂದ ಯಾರೋ.

"ದೊಡ್ಡ ಲೋಟ ಕೊಡಪ್ಪ. ಬೆಳಿಗ್ಗೆಯಿಂದ ಮೂರು ಕಾಫಿ ಆಗಿದೆ."

ಜನ ನಕ್ಕು ಕೈ ಎತ್ತಿದರು. ಮೊದಲ ಪರೀಕ್ಷೆ ಅವನೇ ಮಾಡಿಸಿಕೊಂಡ. ಆಮೇಲೆ ಪ್ರತಿ ವರ್ಷ ಮಾಡಿಸಿ ಆ ಕಾಗದ ಫ್ರಿಜ್ಜಿಗೆ ಅಂಟಿಸುತ್ತಿದ್ದ.

ಸಿಕ್ಕಿಬಿದ್ದವನು ಎದುರು ಮನೆಯ ಕ್ಲೈಡ್. ಹದಿನೆಂಟು ಚಳಿಗಾಲ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವನು. ಮನೆಗಳ ಮುಂದೆ ರಸ್ತೆ ಬದಿಯ ಕಂಬದ ಮೇಲಿರುವ ಅಂಚೆ ಪೆಟ್ಟಿಗೆ ಒಂದನ್ನೂ ಬೀಳಿಸಿರಲಿಲ್ಲ. ಶನಿವಾರ ಮನೆಯಲ್ಲಿ ಸೇದಿದ್ದು ಗುರುವಾರದ ಪರೀಕ್ಷೆಯಲ್ಲಿ ಕಾಣಿಸಿತು. ಕೆಲಸ ಹೋಯಿತು. ಅವನ ಜಾಗಕ್ಕೆ ಬಂದವನು ಗಾಂಜಾ ಮುಟ್ಟುವವನಲ್ಲ. ಪ್ರತಿ ಚಳಿಗಾಲ ಪೆಲ್ಕಿಯವರ ಅಂಚೆ ಪೆಟ್ಟಿಗೆ ಉರುಳಿಸುತ್ತಿದ್ದ. ಲೂಸಿಯನ್ ಹೋಗಿ ಎತ್ತಿ ನಿಲ್ಲಿಸುತ್ತಿದ್ದ. ಇರ್ಮಾ ಕಿಟಕಿಯಿಂದ ನೋಡುತ್ತಿದ್ದಳು.

ಆಮೇಲೆ ಲೂಸಿಯನ್‌ಗೆ ಕ್ಯಾನ್ಸರ್ ಬಂತು. ಮೂಳೆಗೆ ಇಳಿಯಿತು. ಡಾಕ್ಟರು ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮುಂದಿನ ಕೋಣೆಯಲ್ಲಿ ಮಂಚ ಹಾಕಿದರು. ಹೊದಿಕೆ ತಾಗಿದರೂ ನರಳುತ್ತಿದ್ದ.

ಫೆಬ್ರವರಿಯ ಒಂದು ಸೋಮವಾರ ಕ್ಲೈಡನ ಹೆಂಡತಿ ಥೀಡಾ ರಸ್ತೆ ದಾಟಿ ಬಂದಳು. ಕೈಯಲ್ಲಿ ತಗಡಿನ ಡಬ್ಬಿ.

"ಬಿಸ್ಕತ್ತು. ಬೆಣ್ಣೇಲಿ ಅದನ್ನೇ ಕಾಯ್ಸಿದೀನಿ. ಅರ್ಧ ಕೊಡು, ನಿದ್ದೆ ಮಾಡ್ತಾನೆ."

"ಈ ಮನೇಲಿ ಅದೆಲ್ಲ ನಡೆಯಲ್ಲ ಥೀಡಾ."

"ನಡೆಯೋದು ಬೇಡ ಕಣೆ. ಮಲಗ್ಲಿ ಅಂತ್ಲೇ ತಂದಿದ್ದು."

ಡಬ್ಬಿ ಇಟ್ಟು ಹೋದಳು. ಇರ್ಮಾ ಫ್ರಿಜ್ಜಿನ ಮೇಲಿನ ಕಾಗದ ನೋಡಿದಳು. ಒಲೆಯ ಬಾಗಿಲು ತೆರೆದು ಬಿಸ್ಕತ್ತು ಅಷ್ಟನ್ನೂ ಸೌದೆಯ ಮೇಲೆ ಸುರಿದಳು. ಗಂಡನ ಮಾತು ಉಳಿಸಿದೆ ಎಂದುಕೊಂಡಳು.

"ಏನು ಸುಡ್ತಿದೀಯ?" ಎಂದ ಲೂಸಿಯನ್ ಒಳಗಿಂದ.

"ಥೀಡಾ ತಂದಿದ್ದು. ಗಾಂಜಾದ್ದು."

ಅವನು ನರಳುತ್ತ ಒಲೆಯ ಕಡೆಗೆ ಹೊರಳಿದ.

"ನನ್ನ ಒಂದು ಮಾತು ಕೇಳ್ಬೋದಿತ್ತು ಇರ್ಮಾ."

"ಹತ್ತು ವರ್ಷ ಕೇಳಿದೀನಲ್ಲ."

"ಅದೂ ಹೌದು," ಎಂದ. ಆಮೇಲೆ, "ಬುಧವಾರ ಸದನದಲ್ಲಿ ವೋಟಿದೆ. ರೋಗಿಗಳಿಗೆ ಅದನ್ನ ಕೊಡ್ಬೋದಾ ಅಂತ. ನನ್ನ ಕರ್ಕೊಂಡು ಹೋಗು."

ಸದನದಲ್ಲಿ ಪ್ರತಿ ಕುರ್ಚಿಗೂ ಎರಡು ಗುಂಡಿ, ಹಸಿರು ಒಪ್ಪಿಗೆಗೆ, ಕೆಂಪು ವಿರೋಧಕ್ಕೆ. ಕುರ್ಚಿಯಲ್ಲಿ ಕೂತವನೇ ಒತ್ತಬೇಕು.

"ಯಾವ್ದು ಒತ್ತೋದು?" ಎಂದಳು ಇರ್ಮಾ.

"ಹಸಿರು. ಕ್ಲೈಡ್ ವಿಷಯಾನೂ ಎದ್ದು ನಿಂತು ಹೇಳ್ಬೇಕು. ಅವನು ಕುಡಿದು ಲಾರಿ ಹತ್ತಿದವನಲ್ಲ, ಸೇದಿ ಹತ್ತಿದವನೂ ಅಲ್ಲ. ಆ ಪರೀಕ್ಷೆಗೆ ಶನಿವಾರ ಯಾವ್ದು, ಗುರುವಾರ ಯಾವ್ದು ಗೊತ್ತಾಗಲ್ಲ."

ಬುಧವಾರ ಬೆಳಿಗ್ಗೆ ಅವನು ಕೋಟು ಕೇಳಿದ. ರಾಜಧಾನಿಗೆ ಹೋಗುವ ಕಣಿವೆಯ ರಸ್ತೆ ಹಿಮದಲ್ಲಿ ಮುಚ್ಚಿದೆ ಎಂದಳು ಇರ್ಮಾ. ಮುಚ್ಚಿರಲಿಲ್ಲ. ಆ ನೋವಿನಲ್ಲಿ ಅವನು ಅಷ್ಟು ದೂರ ತಾಳುವುದಿಲ್ಲ ಅಂತ ಸುಳ್ಳು ಹೇಳಿದೆ ಎಂದು, ಮುಂದೆ ಕೇಳಿದವರಿಗೆಲ್ಲ ಹೇಳಿದಳು. ಅದು ಅರ್ಧ ನಿಜ. ಕಾಯಿಲೆ ತನಗೆ ಬಂದ ಮೇಲೆ ಲೂಸಿಯನ್ ಬಣ್ಣ ಬದಲಾಯಿಸಿದ ಎಂದು ಜನ ನಗುತ್ತಾರೆ ಎನ್ನುವುದು ಇನ್ನರ್ಧ. ಅದನ್ನು ಯಾರಿಗೂ ಹೇಳಲಿಲ್ಲ.

ಅವನು ಕಿಟಕಿ ಕಡೆ ನೋಡಿದ. ಹಿಮ ತಳ್ಳುವ ಲಾರಿ ಆಗಲೇ ಹೋಗಿ ಬಂದಿತ್ತು, ಅಂಚೆ ಪೆಟ್ಟಿಗೆ ಮಗುಚಿತ್ತು. ಹಿಮ ಸರಿದು ರಸ್ತೆಯ ಡಾಂಬರು ಕಪ್ಪಗೆ ಕಾಣುತ್ತಿತ್ತು. ಮತ್ತೆ ಅವನು ಕೋಟು ಕೇಳಲಿಲ್ಲ.

ಮಸೂದೆ ಮೂವತ್ತು ವೋಟಿನ ಅಂತರದಿಂದ ಬಿತ್ತು. ಲೂಸಿಯನ್ ಹೋಗಿದ್ದರೂ ಬೀಳುತ್ತಿತ್ತು. ಆದರೆ ಅವನ ಹೆಸರಿನ ಮುಂದೆ ಗೈರುಹಾಜರು ಎಂದು ಬಂತು. ಹತ್ತು ವರ್ಷದಲ್ಲಿ ಅದೊಂದೇ. ವೋಟಾದ ಹನ್ನೊಂದನೆಯ ದಿನ ಅವನು ಸತ್ತ.

ಮಾರ್ಚಿನ ಊರ ಸಭೆಯಲ್ಲಿ ಅವನಿಗಾಗಿ ಒಂದು ನಿಮಿಷ ಎದ್ದು ನಿಂತರು. ಕೊನೆಯವರೆಗೂ ಮಾತು ಬದಲಿಸದ ಮನುಷ್ಯ ಎಂದರು ಸಭೆ ನಡೆಸುವವರು. ಎಲ್ಲರೂ ಕೂತರು. ಇರ್ಮಾ ಕೂರಲಿಲ್ಲ. ಆ ಸಭೆಯಲ್ಲಿ ಅವಳು ಎಂದೂ ಬಾಯಿ ತೆರೆದವಳಲ್ಲ.

"ಬದಲಿಸಿದ್ದ. ಹಸಿರು ಒತ್ತೋನಿದ್ದ. ಕ್ಲೈಡ್ ಕೆಲಸ ತೆಗೆದಿದ್ದು ತಪ್ಪು ಅಂತ ಹೇಳೋನಿದ್ದ. ನಾನು ಕರ್ಕೊಂಡು ಹೋಗ್ಲಿಲ್ಲ."

"ಇರ್ಮಾ, ಇದು ಇವತ್ತಿನ ಪಟ್ಟಿಯಲ್ಲಿಲ್ಲಮ್ಮ," ಎಂದರು ಸಭೆ ನಡೆಸುವವರು.

"ಬರ್ಕೊಳ್ಳಿ."

"ತೀರಿಹೋದವರ ವೋಟು ಬರೆಯೋಕೆ ಬರಲ್ಲ," ಎಂದಳು ಊರ ಗುಮಾಸ್ತೆ, ಮೆಲ್ಲಗೆ.

"ವೋಟಲ್ಲ. ನಾನು ಹೇಳಿದ್ದನ್ನ ಬರ್ಕೊಳ್ಳಿ."

ಹಿಂದಿನ ಸಾಲಿನಲ್ಲಿ ಕ್ಲೈಡ್ ಟೋಪಿ ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ತಲೆ ಎತ್ತಲಿಲ್ಲ. ಗುಮಾಸ್ತೆ ಏನೋ ಬರೆದಳು. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ವರ್ಷದ ಕೊನೆಗೆ, ಸಭೆಯಲ್ಲಿ ಬರೆದುಕೊಂಡದ್ದೂ ಸೇರಿ ಊರಿನ ವರದಿ ಅಚ್ಚಾಗಿ ಮನೆಗೆ ಬಂತು. ಇರ್ಮಾ ಬೆರಳಿಟ್ಟು ಹುಡುಕಿದಳು. ಒಂದೇ ಸಾಲು ಇತ್ತು: ಶ್ರೀಮತಿ ಪೆಲ್ಕಿ ಮಾತನಾಡಿದರು.