ಕಲ್ಲಾದ ಅಜ್ಜಿ ರೊಟ್ಟಿ ತಟ್ಟಿದ ಸಿನಿಮಾ

ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಅಂದಿನಿಂದ ನನ್ನ ಏಳು ವರ್ಷದ ಮಗಳು ಅಜ್ಜಿ ಇರುವ ಯಾವ ಕಥೆಯನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಅಜ್ಜಿಗೆ ಏನಾದರೂ ಆಗುವ ಮೊದಲೇ ಎದ್ದು ಹೋಗಿಬಿಡುತ್ತಿದ್ದಳು. ಹಾಗಾಗಿ ಆ ಭಾನುವಾರ ಮಧ್ಯಾಹ್ನ ಸಿನಿಮಾ ಹಾಕುವ ಮುಂಚೆಯೇ ಅವಳಿಗೆ ಮಾತು ಕೊಟ್ಟೆ.

"ಇದ್ರಲ್ಲಿ ಅಜ್ಜಿ ಕಲ್ಲಾಗ್ತಾಳೆ. ಆದ್ರೆ ವಾಪಸ್ ಬರ್ತಾಳೆ. ಹೆದರ್ಕೋಬೇಡ."

ಅವಳ ವಯಸ್ಸಿನಲ್ಲಿ ನಾನು ಆ ಸಿನಿಮಾ ನೋಡಿದ್ದು ಮತ್ತಿಕೆರೆಯ ಟೆಂಟಿನಲ್ಲಿ. ಅಪ್ಪ ಅಲ್ಲಿ ಸಿನಿಮಾ ಓಡಿಸುವ ಆಪರೇಟರ್ ಆಗಿದ್ದರು. ಈಗ ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ಕುರ್ಚಿಯ ಮೇಲೆ, ನಾನೂ ಮಗಳೂ ಚಾಪೆಯ ಮೇಲೆ ಕೂತೆವು.

ಅಪಘಾತವಾದ ವಾಹನಗಳನ್ನು ನೋಡಿ ವಿಮೆಗೆ ವರದಿ ಬರೆಯುವುದು ನನ್ನ ಕೆಲಸ. ಯಾರು ಏನು ಹೇಳಿದರೂ ನಂಬದೆ ನೋಡುವ ಅಭ್ಯಾಸ. ಸಿನಿಮಾದ ಹಾರುವ ಮಂಚಕ್ಕೆ ನಾಲ್ಕು ತಂತಿಗಳಿದ್ದವು. ರಾಜನ ಸಿಪಾಯಿಯೊಬ್ಬನ ಕೈಯಲ್ಲಿ ಗಡಿಯಾರವಿತ್ತು. ಅರಮನೆಯ ಹಿಂದಿನ ಬೆಟ್ಟ ಗಾಳಿಗೆ ಅಲುಗಿತು.

"ಏನೋ, ಇಲ್ಲೂ ಸರ್ವೇ ಮಾಡ್ತಿದ್ದೀಯಾ?" ಅಪ್ಪ ಛೇಡಿಸಿದರು.

ಅಜ್ಜಿ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದಳು. ಆಮೇಲೆ ಮೊಮ್ಮಗಳಿಗೆ ತಗಲಬೇಕಿದ್ದ ಶಾಪವನ್ನು ತಾನೇ ತೆಗೆದುಕೊಂಡು ಕಲ್ಲಾದಳು. ಮೊಮ್ಮಗಳು ಕಲ್ಲಿನ ಮೇಲೆ ಹೂವಿಟ್ಟಳು. ಪರದೆಯ ಮೇಲೆ 'ಶುಭಂ' ಬಂತು.

ಕಲ್ಲಾದ ಅಜ್ಜಿ ಮತ್ತೆ ಬಂದು ರೊಟ್ಟಿ ತಟ್ಟಿದ್ದನ್ನು ನಾನು ಟೆಂಟಿನಲ್ಲಿ ಕಣ್ಣಾರೆ ಕಂಡಿದ್ದೆ. ಕಲ್ಲಾಗಿದ್ದು ಮೊದಲು, ರೊಟ್ಟಿ ಆಮೇಲೆ. ಅದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.

"ಅಪ್ಪಾ, ಬರ್ತಾಳೆ ಅಂದ್ಯಲ್ಲ?" ಮಗಳು ಕೇಳಿದಳು.

ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ತಪ್ಪು ನಂದು ಕಣೋ. ಆಗ ಒಂದೇ ಪ್ರಿಂಟು, ಎರಡು ಕಡೆ ಆಟ. ಯಶವಂತಪುರದಲ್ಲಿ ತೋರಿಸಿ ಮುಗಿದ ರೀಲು ಸೈಕಲ್ ಮೇಲೆ ನಮ್ಮ ಟೆಂಟಿಗೆ ಬರೋದು. ಅವತ್ತು ರೈಲ್ವೆ ಗೇಟ್ ಹಾಕ್ಬಿಟ್ಟಿದ್ರು, ಸೈಕಲ್ ತಡವಾಗಿ ಕೊನೇ ಎರಡು ರೀಲಿನ ಡಬ್ಬ ಒಟ್ಟಿಗೆ ಬಂತು. ಜನ ಕೂಗಾಡ್ತಿದ್ರು. ಗಡಿಬಿಡೀಲಿ ಕಲ್ಲಾಗೋ ಕೊನೇ ರೀಲ್ ಮೊದಲು, ರೊಟ್ಟಿ ತಟ್ಟೋ ರೀಲ್ ಆಮೇಲೆ ಹಾಕ್ಬಿಟ್ಟೆ."

"ಜನ ಬೈಲಿಲ್ವಾ?" ನಾನು ಕೇಳಿದೆ.

"ಬೈಯೋದಾ? ಅಜ್ಜಿ ಬಂದ್ಲು ಅಂತ ಶಿಳ್ಳೆ ಹೊಡೆದ್ರು!"

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಮನೆವರೆಗೂ ಕುಣ್ಕೊಂಡು ಬಂದೆ. ಹೇಗೋ ಹೇಳೋದು?"

ಮಗಳು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಏನಾದರೊಂದು ಕಥೆ ಕಟ್ಟಬಹುದಿತ್ತು. ಕಟ್ಟಲಿಲ್ಲ.

"ನಾನು ಹೇಳಿದ್ದು ತಪ್ಪು ಪುಟ್ಟಿ. ಆ ಅಜ್ಜಿ ವಾಪಸ್ ಬರಲ್ಲ."

"ನಮ್ಮಜ್ಜಿನೂ ಬರಲ್ಲ," ಅಂದಳು. ಮೂರು ತಿಂಗಳಲ್ಲಿ ಆ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಆಮೇಲೆ ಅಪ್ಪನ ಕಡೆ ತಿರುಗಿದಳು. "ತಾತ, ಅವತ್ತು ಹಾಕಿದ್ರಲ್ಲ, ಹಂಗೇ ಹಾಕಿ."

ಅಪ್ಪ ಕನ್ನಡಕ ಏರಿಸಿ ರಿಮೋಟ್ ತೆಗೆದುಕೊಂಡರು. ಹಿಂದಕ್ಕೆ ಓಡಿಸಿ, ಒಲೆಯ ಹೊಗೆ ಕಂಡ ಕಡೆ ಸರಿಯಾಗಿ ನಿಲ್ಲಿಸಿದರು. ಅಜ್ಜಿ ರೊಟ್ಟಿ ತಟ್ಟತೊಡಗಿದಳು. ಮಗಳು ನನ್ನ ತೋಳಿಗೆ ಒರಗಿ, ಎದ್ದು ಹೋಗದೆ ನೋಡಿದಳು.

"ಅಪ್ಪಾ, ಮಾತಾಡ್ತಾ ಮಾತಾಡ್ತಾ ರೊಟ್ಟಿ ಸೀಯಿಸ್ತಿದ್ದಾಳೆ ನೋಡು," ಅಂದಳು.